ಶಗಡಿ ಹಚ್ಚುವ ಮೊದಲು ಮೇಲೆ ನೋಡಿ

ಮಹಾನಗರದ ಅಂಚಿನ ಕೊಂಡಾಪುರದಲ್ಲಿ ಬಂಡೆ ಒಡೆದು ಒಡೆದು ಕಟ್ಟಡಗಳು ಏಳುತ್ತಿದ್ದ ಕಾಲ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಕಾವ್ಯಾಳ ಬಾಣಂತನಕ್ಕೆ ಅವಳ ತಂದೆ ಶಿವಶರಣಪ್ಪ, ತಾಯಿ ಬಸಲಿಂಗಮ್ಮ ಲಿಂಗಸುಗೂರಿನಿಂದ ಬಂದಿದ್ದರು. ಬಸಲಿಂಗಮ್ಮ ರೊಟ್ಟಿ, ಚಟ್ನಿಪುಡಿಯ ಜೊತೆ ಕೆಂಡ ಹಾಕುವ ಶಗಡಿಯನ್ನೂ ಹೊತ್ತು ತಂದಿದ್ದರು. ಕೂಸಿಗೆ ಎರೆದು ಲೋಬಾನದ ಹೊಗೆ ತೋರಿಸದಿದ್ದರೆ ಅವರಿಗೆ ಊಟ ಸೇರದು. ಮನೆಯೊಳಗೆ ಹೊಗೆ ಬೇಡವೆಂದು ಮಗಳು ಗೊಣಗಿದ್ದಕ್ಕೆ ಶಗಡಿ ಬಾಲ್ಕನಿಗೆ ಹೋಗಿತ್ತು.

ಮರುದಿನ ಕೂಸಿಗೆ ಹೆಸರಿಡುವ ಕಾರ್ಯಕ್ರಮ. ನಲವತ್ತು ಜನ ಬರುವವರಿದ್ದರು. ಬೆಳಿಗ್ಗೆ ದಾಸವಾಳದ ಕುಂಡಕ್ಕೆ ನೀರು ಹಾಕಲು ಹೋದ ಬಸಲಿಂಗಮ್ಮ ಅಲ್ಲೇ ನಿಂತುಬಿಟ್ಟರು. ಟೊಂಗೆಗೆ ಅಂಗೈಯಷ್ಟು ಜೇನುಗೂಡು ಅಂಟಿಕೊಂಡಿತ್ತು.

“ಏನ್ರೀ, ಇಲ್ಲಿ ಜೇನು ಕುಂತೈತಿ. ಕೂಸಿಗೆ ಕಡದ್ರ ಏನ್ ಮಾಡೂದು?”

“ಅಷ್ಟಕ್ಕ ಯಾಕ ಹೆದರ್ತಿ? ಹೊಲದಾಗ ಇಂಥಾವು ಎಷ್ಟ್ ಬಿಡಿಸೀನಿ” ಎಂದರು ಶಿವಶರಣಪ್ಪ. “ಶಗಡಿಗೆ ಹಸಿ ಬೇವಿನಸೊಪ್ಪು ಹಾಕು. ಹೊಗಿಗೆ ತಾವ ಎದ್ದು ಹೋಗ್ತಾವು.”

ಹೊಗೆ ಏಳತೊಡಗಿತು. ಅಷ್ಟರಲ್ಲಿ ಕೂಸನ್ನು ನೋಡಲು ಪಕ್ಕದ ಮನೆಯ ಕಮಲಾಕ್ಷಿ ಟೀಚರ್ ಬಂದರು. ಅದೇ ನಗರದ ತಾರ್ನಾಕದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು.

“ಅಣ್ಣಾರ, ಮೊದಲ ಶಗಡಿ ಮುಚ್ಚ್ರಿ. ಇದು ಕಡ್ಡಿಜೇನು. ಸಣ್ಣ ಹುಳ, ಸಣ್ಣ ಗೂಡು. ನಾವು ಮುಟ್ಟದಿದ್ರ ಅದು ಕಡಿಯೂದು ಭಾಳ ಕಡಿಮಿ.”

“ಟೀಚರ್, ನೀವು ಪುಸ್ತಕ ಓದೀರಿ. ಜೇನು ಬಿಡಿಸಿದಾಂವ ನಾನು.”

“ಹಂಗಾರ ಒಂದ್ಸಲ ಮ್ಯಾಲ ನೋಡ್ರಿ.”

ಎರಡು ಮಾಳಿಗೆ ಮೇಲೆ, ಕಿಟಕಿಯ ಮೇಲಿನ ಸಜ್ಜಾದ ಕೆಳಗೆ, ಕರಿ ಕಂಬಳಿ ಮಡಚಿ ತೂಗುಹಾಕಿದಂತೆ ದೊಡ್ಡ ಗೂಡೊಂದಿತ್ತು. ಹೊಗೆ ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಗೂಡಿನ ಮೈಮೇಲೆ ಈ ತುದಿಯಿಂದ ಆ ತುದಿಗೆ ಅಲೆಯೊಂದು ಓಡಿತು.

“ಅದು ಹೆಜ್ಜೇನು. ಹಂಗ ಅಲಿ ಎದ್ರ ದೂರ ಇರ್ರಿ ಅಂತ ಹೇಳಾಕತ್ತಾವು ಅಂತ ತಿಳೀರಿ. ಹೊಲದಾಗ ಅವು ಎದ್ರ ನೀವು ಓಡ್ತಿದ್ರಿ. ಇಲ್ಲಿ ನಾಕನೇ ಮಾಳಿಗ್ಯಾಗ ಕೂಸು ಎತ್ತಿಕೊಂಡು ಎಲ್ಲಿಗೆ ಓಡ್ತೀರಿ?”

ಶಿವಶರಣಪ್ಪ ಶಗಡಿಗೆ ಮುಚ್ಚಳ ಮುಚ್ಚಿದರು. ಎಲ್ಲರೂ ಒಳಗೆ ಬಂದು ಬಾಗಿಲು ಹಾಕಿಕೊಂಡರು. ಬಸಲಿಂಗಮ್ಮನ ಕಣ್ಣು ತುಂಬಿ ಬಂತು.

“ಇಷ್ಟ್ ದಿನ ಅದರ ಕೆಳಗ ನಾನ ಹೊಗಿ ಹಾಕಾಕತ್ತಿದ್ನಲ್ಲವ್ವಾ. ಇಷ್ಟ್ ಮ್ಯಾಲ ಅವು ಯಾಕ ಬಂದ್ವು?”

“ಮೊದಲು ಬಂಡೆಗಲ್ಲಿನಾಗ ಇರ್ತಿದ್ವು. ಬಂಡೆ ಒಡದು ನಾವು ಮನಿ ಕಟ್ಟೀವಿ. ಈಗ ನಮ್ಮ ಗ್ವಾಡಿನೇ ಅವಕ್ಕ ಬಂಡೆ. ಮತ್ತೊಂದು ಮಾತು ಅಕ್ಕಾರ, ಹೊಗಿ ಕೂಸಿನ ಎದಿಗೂ ಚಲೋ ಅಲ್ಲ.”

“ನಾ ಹೇಳಿದ್ರ ಅವ್ವ ಬೈತಿದ್ಳು. ಈಗ ನೋಡ್ರಿ, ತಲಿ ಅಲ್ಲಾಡಿಸಾಕತ್ತಾಳ” ಎಂದಳು ಕಾವ್ಯಾ. ಬಸಲಿಂಗಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಅಪಾರ್ಟ್‌ಮೆಂಟಿನ ಸಂಘದವರು ಜೇನು ಸಾಕುವ ತರಬೇತಿ ಪಡೆದ ರಾಮದಾಸನಿಗೆ ಫೋನ್ ಮಾಡಿದರು. ಅವನು ಬಂದು ಹೆಜ್ಜೇನನ್ನು ಬೇರೆಡೆಗೆ ಕಳಿಸುವವರೆಗೆ ಆ ಕಡೆಯ ಕಿಟಕಿಗಳನ್ನು ಯಾರೂ ತೆರೆಯಲಿಲ್ಲ, ಬೆಳಕಿಗೆ ಹೆಜ್ಜೇನು ಬರುತ್ತದೆಂದು ಸಂಜೆ ಬಾಲ್ಕನಿಯ ದೀಪವನ್ನೂ ಹಾಕಲಿಲ್ಲ. ಹೆಸರಿಡುವ ಕಾರ್ಯಕ್ರಮ ಅಪಾರ್ಟ್‌ಮೆಂಟಿನ ಹಿಂಬದಿಯ ಹಾಲ್‌ನಲ್ಲಿ ನಡೆಯಿತು. ತನ್ವಿ ಎಂದು ಕಿವಿಯಲ್ಲಿ ಹೇಳಿದಾಗ ಕೂಸು ನಿದ್ದೆ ಮಾಡುತ್ತಿತ್ತು. ಬಂದವರಿಗೆಲ್ಲ ಹೆಜ್ಜೇನಿನ ಪಾಠ ಮಾಡಿದವರು ಶಿವಶರಣಪ್ಪನವರೇ. ಕಡ್ಡಿಜೇನನ್ನು ಯಾರೂ ಮುಟ್ಟಲಿಲ್ಲ.

ಆ ಶಗಡಿ ಈಗಲೂ ಬಾಲ್ಕನಿಯಲ್ಲಿದೆ. ಅದಕ್ಕೆ ಮಣ್ಣು ತುಂಬಿ ಬಸಲಿಂಗಮ್ಮ ಕಾಮಕಸ್ತೂರಿ ಗಿಡ ನೆಟ್ಟಿದ್ದಾರೆ. ಅದರ ಹೂವಿಗೆ ಕಡ್ಡಿಜೇನು ಬರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹತ್ತಿರ ಜೇನು ಕಂಡರೆ ಅದು ಯಾವುದೆಂದು ದೂರದಿಂದಲೇ ನೋಡಿ. ಹೊಗೆ, ಕಲ್ಲು, ವಿಷದ ಔಷಧಿ ಯಾವುದೂ ಬೇಡ. ಹೆಜ್ಜೇನಾದರೆ ತಿಳಿದವರನ್ನು ಕರೆಸಿ. ಕಡಿದರೆ ಮುಳ್ಳನ್ನು ಕೂಡಲೇ ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೆಂಕಿಪೊಟ್ಟಣ ಕೈಗೆ ತೆಗೆದುಕೊಳ್ಳುವ ಮೊದಲು ಒಮ್ಮೆ ತಲೆ ಎತ್ತಿ ನೋಡಿ. ನಿಮ್ಮ ಮನೆಯಲ್ಲೂ ಒಂದು ತೊಟ್ಟಿಲು ಇರಬಹುದು.