ಐದನೇ ಮಹಡಿಗೆ ಹೋದ ಟೀಚರ್ಸ್ ರೂಮು

ಪೆನ್ಸಿಲ್ಲು ನೆಲಮಹಡಿಯ ಮೇಲೆ ಜಾರಿತು, ಅವಳು ವಾರಗಟ್ಟಲೆ ಕೂತು ಬರೆದ ಶಾಲೆಯ ನಕ್ಷೆಯ ಮೇಲೆ, ಒಂದನೇ ತರಗತಿಯ ಬಾಗಿಲಿನಿಂದ ಕೈತೊಳೆಯುವ ನಲ್ಲಿಗಳವರೆಗೆ ಒಂದೇ ಗೀಟು — ಇಲ್ಲಿ ಕಾರು ನಿಲ್ಲಲಿ ಮೇಡಂ, ಇದೇ ಆವರಣದಲ್ಲಿ ಪಕ್ಕಕ್ಕೆ ಏಳೋ ಹೊಸ ಮನೆಗಳವರಿಗೆ ಜಾಗ ಸಾಲ್ತಾ ಇಲ್ಲ, ಎಂದರು ಪೆನ್ಸಿಲ್ಲು ಹಿಡಿದ ವಸತಿ ಕಟ್ಟಡದ ಇಂಜಿನಿಯರ್, ಪುಟಾಣಿಗಳನ್ನ ಐದನೇ ಮಹಡಿಗೆ ಹಾಕೋಣ, ಮಕ್ಕಳಲ್ವಾ, ಓಡಿ ಹತ್ತುತ್ತವೆ — ಓಡಿ ಹತ್ತುತ್ತವಂತೆ, ಆರು ವರ್ಷದ ಮಗು, ಬೆನ್ನಿಗೆ ತನ್ನಷ್ಟೇ ದಪ್ಪದ ಚೀಲ, ಬಿಚ್ಚಿಹೋದ ಲೇಸು, ಅಕ್ಕ ಹೇಳುತ್ತಿದ್ದಳಲ್ಲ, ಆ ವಯಸ್ಸಿನವಕ್ಕೆ ಒಂದಕ್ಕೆ ಬಂದಿದ್ದು ಗೊತ್ತಾಗೋದೇ ಕೊನೇ ಗಳಿಗೇಲಿ ಕಣೇ, ಅಂಗಳ ಹತ್ತಿರ ಇರಬೇಕು, ನಲ್ಲಿ ಹತ್ತಿರ ಇರಬೇಕು, ನಾನು ಹತ್ತಿರ ಇರಬೇಕು. ಮೂವತ್ತು ವರ್ಷ ಒಂದನೇ ತರಗತಿಗೇ ಅಂಟಿಕೊಂಡ ಅಕ್ಕ, ಈ ಶಾಲೆ ಎದ್ದ ಮೇಲೆ ಇಲ್ಲಿಗೇ ಬರುವವಳು, ನಕ್ಷೆ ನೋಡಲು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕಿಟಕಿ ಇಷ್ಟು ಮೇಲಿಟ್ರೆ ನನ್ನ ಗುಬ್ಬಿಮರಿಗಳಿಗೆ ಏನೇ ಕಾಣುತ್ತೆ, ಸೀಲಿಂಗಾ, ಎಂದು ಬೈದಿದ್ದಳು, ಮಾರನೆಯ ದಿನವೇ ಕಿಟಕಿಗಳೆಲ್ಲ ಎರಡೆರಡು ಗೇಣು ಕೆಳಗಿಳಿದಿದ್ದವು — ಆಗಲ್ಲ ಸರ್, ಚಿಕ್ಕವರು ನೆಲ ಬಿಟ್ಟು ಮೇಲೆ ಹೋಗಲ್ಲ, ಎಂದ ದನಿ ತನ್ನದೇ ಎಂದು ಅವಳಿಗೆ ತಡವಾಗಿ ತಿಳಿಯಿತು — ಸರಿ, ಹಾಗಾದ್ರೆ ಬೇರೆ ಏನನ್ನಾದರೂ ಎತ್ತಿ, ಆರು ಕಾರಿನಷ್ಟಾದ್ರೂ ಜಾಗ ಬೇಕೇ ಬೇಕು. ಅವಳ ಬೆರಳು ನಕ್ಷೆಯ ಮೇಲೆ ಅಲೆಯಿತು, ಅಂಗಳವಂತೂ ಕೂಡದು, ನಲ್ಲಿ ಕೂಡದು, ನಿಂತದ್ದು ಟೀಚರ್ಸ್ ರೂಮಿನ ಮೇಲೆ, ಅಕ್ಕ ನೋಯುವ ಮಂಡಿ ಚಾಚಿ ಕೂರಲೆಂದೇ ಬಿಸಿಲು ಬೀಳುವ ಮೂಲೆಯಲ್ಲಿಟ್ಟ ಕೋಣೆ — ಒಂದು ನಿಮಿಷ ಸರ್. ಕಾರಿಡಾರಿಗೆ ಬಂದು ಫೋನು ಮಾಡಿದರೆ ಅಕ್ಕನ ಕಡೆ ಗಲಾಟೆಯೋ ಗಲಾಟೆ, ಏಯ್ ಕೂತ್ಕೊಳ್ರೋ, ನಿನಗಲ್ಲ ಕಣೇ, ಹೇಳು — ಅಕ್ಕಾ, ಮಕ್ಕಳು ಕೆಳಗೇ ಉಳೀಬೇಕು ಅಂದ್ರೆ ನಿಮ್ಮ ಟೀಚರ್ಸ್ ರೂಮು ಐದನೇ ಮಹಡಿಗೆ ಹೋಗುತ್ತೆ — ಮಕ್ಕಳು ಕೆಳಗೆ ತಾನೇ, ಮತ್ತಿನ್ನೇನು — ಲಿಫ್ಟಲ್ಲಿ ಹೋಗ್ತೀಯಲ್ವಾ — ಆ ಡಬ್ಬಿಯೊಳಗಾ, ಸತ್ರೂ ಇಲ್ಲ, ನಿನ್ನ ಮಗೂನ ನೋಡೋಕೆ ಆಸ್ಪತ್ರೆಗೆ ಬಂದಾಗ ಒಂದು ಗಂಟೆ ಸಿಕ್ಕಿಹಾಕ್ಕೊಂಡಿದ್ದು ಸಾಕು, ನಿಧಾನಕ್ಕೆ ಹತ್ತೀನಿ ಬಿಡೇ, ಬರೆದು ಕೊಡು ಹೋಗು. ಬರೆದು ಕೊಟ್ಟಳು, ಇಂಜಿನಿಯರ್ ಒಪ್ಪಿ ಎದ್ದು ಹೋದರು, ಗೆದ್ದಂತೆಯೇ ಆಯಿತು, ಆದರೆ ಅವಳ ಪೆನ್ಸಿಲ್ಲು ಈಗ ಮೆಟ್ಟಿಲುಗಳನ್ನು ಬಿಟ್ಟು ಕದಲುತ್ತಿಲ್ಲ, ನೂರಹತ್ತು ಮೆಟ್ಟಿಲು, ತಿರುವಿಗೊಂದು ಕಿಟಕಿ, ಕಿಟಕಿಯ ಕೆಳಗೊಂದು ಕೂರುವ ಕಟ್ಟೆ, ಎರಡೂ ಬದಿ ಹಿಡಿಗಂಬಿ, ಕಬ್ಬಿಣದ್ದು ಬೇಡ, ಬೆಳಿಗ್ಗೆ ಕೈಗೆ ತಣ್ಣಗೆ ಕೊರೆಯುತ್ತದೆ, ಮರದ್ದಿರಲಿ, ಎರಡನೇ ತಿರುವಿನಲ್ಲಿ ಅದರ ಮೇಲೆ ಅಕ್ಕನ ಕೈ, ಚಾಕ್‌ಪೀಸಿನ ಪುಡಿ ಹತ್ತಿದ ಬೆರಳು, ಮೂರನೇ ತಿರುವು, ಕೈ, ನಾಲ್ಕು, ಉಸಿರು ಬಿಡಲು ನಿಂತ ಕೈ, ಇನ್ನೂ ಒಂದು ಮಹಡಿ ಇದೆ, ಮರವನ್ನು ಬಿಗಿಯಾಗಿ ಹಿಡಿದ, ಬೆರಳ ಗೆಣ್ಣು ಬೆಳ್ಳಗಾದ, ಆ ಕೈ —