ಕೂಡಿಟ್ಟ ಬೈಗುಳ

ಆ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಮಾತಾಡುತ್ತಿತ್ತು, ಕಿರೀಸೊಸೆ ಮಾತಾಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಅದರ ಕಬ್ಬಿಣದ ತಟ್ಟೆಯ ಮೇಲೆ ಒಂದು ಸಲ ಕುಟ್ಟಿದರೆ ನೀರು ಚಿಮುಕಿಸುವ ಬಾಟಲಿ ಖಾಲಿಯಾಗಿದೆ ಎಂದರ್ಥ. ಎರಡು ಸಲ ಕುಟ್ಟಿದರೆ ಮುಂದಿನ ಗಂಟು ತಾ. ಬಿಡದೆ ಕುಟ್ಟಿದರೆ, ಗಿರಾಕಿ ಬಂದು ನಿಂತಿದ್ದಾರೆ, ಕಿವುಡೀ, ಎದ್ದು ಹೋಗು. ಈ ಭಾಷೆಯನ್ನು ಕಲಿಯಬೇಕಾಗಿದ್ದವಳು ಒಬ್ಬಳೇ, ಅವಳ ಓರಗಿತ್ತಿ, ಆ ಮನೆಯ ಹಿರೀಸೊಸೆ. ಅಂಗಡಿ ನಡೆಸುವವರು ಇವರಿಬ್ಬರೇ. ಆದರೂ ಮೂರು ವರ್ಷದಿಂದ ಕಿರಿಯವಳು ಹಿರಿಯವಳ ಜೊತೆ ಒಂದು ಮಾತೂ ಆಡಿರಲಿಲ್ಲ.

ಅದಕ್ಕೆ ಕಾರಣ ತಮಗೆ ಗೊತ್ತಿದೆ ಎಂದು ಎಲ್ಲರೂ ತಿಳಿದಿದ್ದರು. ಕಿರಿಯವಳ ಬಲಗೆನ್ನೆಯಲ್ಲಿ ನರದ ನೋವು. ಬಂದರೆ ಕಿವಿಯ ಮುಂದಿನಿಂದ ದವಡೆಗೆ ಮಿಂಚು ಇಳಿದ ಹಾಗೆ ಬರುತ್ತಿತ್ತು. ತುತ್ತು ಅಗಿದರೆ, ಮುಖ ತೊಳೆದರೆ, ಫ್ಯಾನಿನ ಗಾಳಿ ಸೋಕಿದರೆ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ ಮಾತಾಡಿದರೆ. ಹಲ್ಲುನೋವೆಂದು ಒಂದು ದವಡೆಹಲ್ಲನ್ನು ಕೀಳಿಸಿದ್ದೂ ಆಗಿತ್ತು. ಹಲ್ಲು ಹೋಯಿತು, ನೋವು ಮಾತ್ರ ಕೂತ ಜಾಗ ಬಿಟ್ಟು ಏಳಲಿಲ್ಲ. ಆಡಲಾಗುವ ನಾಲ್ಕು ಮಾತನ್ನು ಪಾಪ ಗಂಡನಿಗೂ ಗಿರಾಕಿಗಳಿಗೂ ಎತ್ತಿಟ್ಟುಕೊಂಡಿದ್ದಾಳೆ, ಓರಗಿತ್ತಿಗೆ ಕೈಸನ್ನೆ ಸಾಕಲ್ಲ, ಎಂದು ಜನ ಮರುಗುತ್ತಿದ್ದರು. ಅದು ಸೇಡು ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಮೂರು ವರ್ಷದ ಹಿಂದೆ, ಮಾವ ಕೆಲಸದಿಂದ ನಿವೃತ್ತರಾದ ದಿನ ಮನೆ ತುಂಬ ಜನಕ್ಕೆ ಊಟವಿತ್ತು. ನೋವು ಆಗಷ್ಟೇ ಶುರುವಾಗಿತ್ತು. ಊಟದ ನಡುವೆ ಮಿಂಚು ಹೊಡೆಯಿತು. ಕಿರಿಯವಳು ಎದ್ದು ಬಚ್ಚಲಿಗೆ ಹೋಗಿ, ಗೋಡೆಗೆ ಹಣೆ ಒತ್ತಿ ನಿಂತು, ಅದು ಇಳಿದ ಮೇಲೆ ಹಿಂತಿರುಗಿದಳು. ಬಾಗಿಲಾಚೆ ನಗು ಕೇಳಿಸಿತು. ಹಿರಿಯವಳು ಅಣಕಿಸುವುದರಲ್ಲಿ ಎತ್ತಿದ ಕೈ. ಅಂಚೆಯವನು, ಬ್ಯಾಂಕಿನ ಮ್ಯಾನೇಜರು, ಸ್ವತಃ ಮಾವ, ಯಾರನ್ನೂ ಅವಳು ಬಿಟ್ಟವಳಲ್ಲ. ಆವತ್ತು ಮೇಜಿನ ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿ, ಕೆನ್ನೆಗೆ ಪಟ್ಟನೆ ಅಂಗೈ ಬಡಿದುಕೊಂಡು, “ಸ್ವಲ್ಪ ಉ... ಉ... ಉ...” ಎಂದು ಉಪ್ಪು ಕೇಳುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕಿರಿಯವಳ ಗಂಡನೂ ಕಣ್ಣೊರೆಸಿಕೊಂಡು ನಗುತ್ತಿದ್ದ.

ಗಂಡನನ್ನು ಅವಳು ಮನ್ನಿಸಿದಳು. ಅವನು ನಾಲ್ಕು ಜನ ನಕ್ಕರೆ ನಗುವವನು, ನಾಲ್ಕು ಜನ ಅತ್ತರೆ ಅಳುವವನು. ಹಿರಿಯವಳನ್ನು ಮನ್ನಿಸಲಿಲ್ಲ. ಮರುದಿನ ಅವಳೇ ಹತ್ತಿರ ಬಂದು, “ತಮಾಷೆಗೆ ಮಾಡ್ದೆ ಕಣೇ, ಮನಸ್ಸಿಗೆ ಹಚ್ಕೋಬೇಡ” ಅಂದಳು. ಕಿರಿಯವಳು ತನ್ನ ಕೆನ್ನೆ ತೋರಿಸಿ ಕೈ ಆಡಿಸಿದಳು. ಮಾತಾಡಕ್ಕಾಗಲ್ಲ. ಹಿರಿಯವಳ ಮುಖ ಕಾದ ಪೆಟ್ಟಿಗೆಗೆ ಸಿಕ್ಕ ನೈಲಾನಿನ ಹಾಗೆ ಮುದುಡಿತು. ಆಹಾ, ಇದು ಚೆನ್ನಾಗಿದೆ ಅನ್ನಿಸಿತು ಕಿರಿಯವಳಿಗೆ. ಅಂದಿನಿಂದ ಅದೇ ಅವಳ ಅಸ್ತ್ರವಾಯಿತು.

ಆದರೆ ಈ ನೋವಿಗೊಂದು ವಿಚಿತ್ರ ಗುಣ, ಹೇಳದೆ ಕೇಳದೆ ರಜೆ ಹಾಕಿ ಹೋಗುತ್ತದೆ. ಕಳೆದ ಬೇಸಿಗೆ ಪೂರ್ತಿ ಅದು ಬರಲೇ ಇಲ್ಲ. ಕಿರಿಯವಳು ಮಹಡಿಯ ಮೇಲೆ ಒಬ್ಬಳೇ ಕೂತು ಸೌತೆಕಾಯಿಯನ್ನು ಕರಕರ ಕಡಿದು ತಿಂದಳು, ಖುಷಿಗೆ ಅತ್ತಳು, ಕಣ್ಣೊರೆಸಿಕೊಂಡು ಕೆಳಗಿಳಿದು ಬಂದು ಓರಗಿತ್ತಿಯ ಮುಂದೆ ಕೆನ್ನೆ ಹಿಡಿದು ನಿಂತಳು. ಹಿರಿಯವಳು ಯಾರ ಜೊತೆಗಾದರೂ ನಗಲು ಶುರುಮಾಡಿದರೆ ಇವಳಿಗೆ ‘ನೋವು’ ಬರುತ್ತಿತ್ತು. ನಗು ಅಲ್ಲೇ ಸಾಯುತ್ತಿತ್ತು. ಬರಬರುತ್ತ ಹಿರಿಯವಳು ಅಣಕಿಸುವುದನ್ನೇ ಬಿಟ್ಟಳು. ಮೂಗು ಕೊಯ್ದುಕೊಂಡು ಅಪಶಕುನ ಮಾಡುವ ಕೆಲಸ ಇದು ಎಂದು ಕಿರಿಯವಳಿಗೂ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅಪಶಕುನವಂತೂ ಆಗುತ್ತಿತ್ತಲ್ಲ!

ಬಾಯಿ ಸುಮ್ಮನಿದ್ದರೂ ಒಳಗೆ ಬೈಗುಳ ಬೇಯುತ್ತಲೇ ಇತ್ತು. ಅಂಗಿಯ ಕಾಲರಿಗೆ ಒಂದು ಸಣ್ಣದು, ಪ್ಯಾಂಟಿನ ಗೆರೆಗೆ ಒಂದು ಮೊನಚಾದದ್ದು, ಹಾಸಿಗೆಯ ಹೊದಿಕೆ ಬಂದರೆ ಅಷ್ಟುದ್ದದ್ದು. ಹೀಗೆ ಕಟ್ಟಿ ಕಟ್ಟಿ ಇಟ್ಟುಕೊಂಡಿದ್ದಳು.

ಚಳಿಯ ಜೊತೆ ನೋವು ಬಡ್ಡಿ ಸಮೇತ ಮರಳಿತು. ಊರಿನ ಡಾಕ್ಟರು ಮಾತ್ರೆಯ ಪ್ರಮಾಣ ಏರಿಸಿದರು. ಮಾತ್ರೆಗೆ ತಲೆ ಸುತ್ತಿ, ಕುಡಿದವಳ ಹಾಗೆ ನಡೆದು, ವಕೀಲರೊಬ್ಬರ ಕೋಟಿನ ಬೆನ್ನ ಮೇಲೆ ಪೆಟ್ಟಿಗೆಯ ಅಚ್ಚು ಮೂಡಿಸಿದಳು. ಆಗ ದೊಡ್ಡ ಆಸ್ಪತ್ರೆಗೆ ಹೋದರು, ಅವಳು, ಗಂಡ, ಜೊತೆಗೆ ಹಿರಿಯವಳು.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. “ತಲೆಯೊಳಗೆ ಒಂದು ರಕ್ತನಾಳ ನರಕ್ಕೆ ಒತ್ಕೊಂಡು ಬಡೀತಿರಬಹುದು. ಕಿವಿ ಹಿಂದೆ ಸಣ್ಣ ಕಿಂಡಿ ತೆಗೆದು, ಎರಡರ ಮಧ್ಯೆ ಒಂದು ಮೆತ್ತೆ ಇಡ್ತೀವಿ. ಬಹಳ ಜನಕ್ಕೆ ನೋವು ಹೋಗತ್ತೆ. ಕೆಲವರಿಗೆ ಆ ಕಿವಿ ಮಂದ ಆಗತ್ತೆ, ಕೆನ್ನೆ ಮರಗಟ್ಟತ್ತೆ. ತಲೆ ಆಪರೇಷನ್, ಅಪರೂಪಕ್ಕೆ ಪ್ರಾಣಕ್ಕೂ ಬರಬಹುದು.”

ಗಂಡ ಮೇಜಿನ ಮೇಲಿದ್ದ ಸ್ಕ್ಯಾನಿನ ಕಡೆ ಬಗ್ಗಿ ನೋಡಿದ.

“ಸ್ಕ್ಯಾನಲ್ಲಿ ನನಗೆ ಅದು ಅಷ್ಟು ಸ್ಪಷ್ಟವಾಗಿ ಕಾಣ್ತಿಲ್ಲ. ಅದಕ್ಕೇ ಕೇಳ್ತೀನಿ, ಯೋಚನೆ ಮಾಡಿ ಹೇಳಿ. ನಡುವೆ ಯಾವಾಗ್ಲಾದ್ರೂ ನೋವು ಪೂರ್ತಿ ಬಿಟ್ಟಿತ್ತಾ? ಬಿಟ್ಟು ಬಿಟ್ಟು ಬರೋ ನೋವಿಗೆ ಈ ಆಪರೇಷನ್ ಚೆನ್ನಾಗಿ ಹಿಡಿಯತ್ತೆ. ಒಂದು ದಿನವೂ ಬಿಡದೇ ಇದ್ರೆ ನಾನು ಅಷ್ಟು ಧೈರ್ಯ ಕೊಡಲಾರೆ.”

“ಒಂದ್ ದಿನಾನೂ ಬಿಟ್ಟಿಲ್ಲ ಮೇಡಂ,” ಅಂದ ಗಂಡ. ಅವನಿಗೆ ಗೊತ್ತಿದ್ದದ್ದೇ ಅಷ್ಟು.

ಪಕ್ಕದ ಕುರ್ಚಿಯಲ್ಲಿ ಹಿರಿಯವಳು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಬಿಟ್ಟಿತ್ತು ಎಂದರೆ ಅವಳ ಕಣ್ಣೆದುರೇ ಬಣ್ಣ ಬಯಲು. ಕಿರಿಯವಳು ಇಲ್ಲವೆಂದು ತಲೆಯಾಡಿಸಿದಳು. ಅಷ್ಟಕ್ಕೇ ಮಿಂಚು ಹೊಡೆಯಿತು. ಕೈ ಎದ್ದು ಕೆನ್ನೆಯ ಪಕ್ಕ ಗಾಳಿಯಲ್ಲೇ ನಿಂತಿತು.

“ಹಾಗಾದ್ರೆ ಸದ್ಯಕ್ಕೆ ಮಾತ್ರೆನೇ ನೋಡೋಣ,” ಅಂದರು ಡಾಕ್ಟರಮ್ಮ. “ಏನಾದ್ರೂ ನೆನಪಾದ್ರೆ ಫೋನ್ ಮಾಡಿ.”

ಮರುದಿನ ಬೆಳಿಗ್ಗೆ ಹಿರಿಯವಳು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದಳು, ಫ್ಯಾನು ಆರಿಸಿದಳು.

“ನೀನು ಮಾತಾಡ್ಬೇಡ, ಕೇಳು. ಡಾಕ್ಟರಿಗೆ ಯಾಕೆ ಸುಳ್ಳು ಹೇಳ್ದೆ?”

ಪೆಟ್ಟಿಗೆ ಎರಡು ಸಲ ಕುಟ್ಟಿತು.

“ಗಂಟು ಆಮೇಲೆ ತರ್ತೀನಿ. ಹೋದ ಬೇಸಿಗೇಲಿ ನಿನಗೆ ನೋವಿರ್ಲಿಲ್ಲ. ನೀನು ಆಡ್ತಿದ್ದೆ.”

ಕಿರಿಯವಳು ಪೆಟ್ಟಿಗೆಯನ್ನು ತಟ್ಟೆಯ ಮೇಲೆ ನಿಲ್ಲಿಸಿದಳು.

“ನಿಜವಾಗಿ ನೋವು ಬಂದಾಗ ನಿನ್ನ ಕೈ ಕೆನ್ನೆಗೆ ತಾಗಲ್ಲ ಕಣೇ. ಮುಟ್ಟಿದ್ರೆ ಜಾಸ್ತಿ ಆಗತ್ತಲ್ಲ, ಒಂದಿಂಚು ಆಚೆನೇ ನಿಲ್ಲತ್ತೆ. ಬೇಸಿಗೇಲಿ ಪಟಾರ್ ಅಂತ ಬಡ್ಕೋತಿದ್ದೆ. ನಾನು ಆವತ್ತು ಊಟದ ಹೊತ್ತಲ್ಲಿ ಮಾಡಿದ್ನಲ್ಲ, ಹಾಗೆ. ನಾನು ಮಾಡಿದ್ದೇ ತಪ್ಪು ನಟನೆ, ಅದನ್ನ ನೀನು ಕಾಪಿ ಹೊಡ್ದೆ. ನನ್ನಷ್ಟು ಚೆನ್ನಾಗೂ ಬರ್ಲಿಲ್ಲ ಬಿಡು.”

ಕಿರಿಯವಳಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಇವಳಿಗೆ ಗೊತ್ತಿತ್ತು! ಗೊತ್ತಿದ್ದೂ ಬೇಸಿಗೆ ಪೂರ್ತಿ ಮುಖ ಬಾಡಿಸಿಕೊಂಡು ನಿಂತಿದ್ದಳು, ನಗು ನುಂಗಿದ್ದಳು, ಯಾರಿಗೂ ಹೇಳಿರಲಿಲ್ಲ. ತಾನು ಏಟೆಂದುಕೊಂಡು ಕೊಟ್ಟದ್ದನ್ನೆಲ್ಲ ಇವಳು ಬೆನ್ನು ಬಗ್ಗಿಸಿ, ಬೇಕೆಂದೇ ತಿಂದಿದ್ದಳು. ಅದನ್ನು ಸೇಡು ಅನ್ನುತ್ತಾರೆಯೇ? ಭಿಕ್ಷೆ ಅನ್ನುತ್ತಾರೆ.

“ಬಾಯ್ಮುಚ್ಚು!” ಅಂದಳು.

ಮೂರು ವರ್ಷದಲ್ಲಿ ಓರಗಿತ್ತಿಗೆ ಹೇಳಿದ ಮೊದಲ ಮಾತು. ಹಿರಿಯವಳು ಬಾಯಿ ಮುಚ್ಚಿದಳು.

“ನನ್ ನೋವನ್ನ... ನಿಮ್ ಊಟಕ್ಕೆ ಉಪ್ಪಿನಕಾಯಿ...” ಮಿಂಚು ಇಳಿಯಿತು. ಕಿರಿಯವಳು ಮೇಜಿನ ಅಂಚು ಹಿಡಿದು ಬಗ್ಗಿದಳು. ಹಿರಿಯವಳು ಪೆಟ್ಟಿಗೆಯನ್ನು ಆಚೆ ಸರಿಸಿ, ಮುಖ ತಿರುಗಿಸದೆ, ಪೂರ್ತಿ ನೋಡುತ್ತ ನಿಂತಳು.

“ಇಳೀತಾ? ಹೂಂ, ಮುಂದೆ ಹೇಳು.”

“ನಿನ್ನ ನಾಲಿಗೆ...” ಮತ್ತೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು, ನೋವಿಗಿಂತ ಹೆಚ್ಚು ಸಿಟ್ಟಿಗೆ. ಒಳಗೆ ಒಂದು ಮನೆಗಾಗುವಷ್ಟು ಬೈಗುಳ ಇದೆ, ಬಾಗಿಲು ನೋಡಿದರೆ ಇಲಿಬಿಲದಷ್ಟು. ಈ ಮಾತ್ರೆ ನುಂಗಿಕೊಂಡೇ ಇದ್ದರೆ ಅಷ್ಟೂ ತನ್ನ ಜೊತೆಗೇ ಮಣ್ಣಾಗುತ್ತದೆ. ಆಮೇಲೆ ಇವಳು ನಾಲ್ಕು ಜನರ ಮುಂದೆ ಕಣ್ಣೀರು ಹಾಕಿ ಒಳ್ಳೆಯವಳಾಗುತ್ತಾಳೆ. ಅದಾಗಕೂಡದು.

ಸುಧಾರಿಸಿಕೊಂಡು, ತುಟಿ ಹೆಚ್ಚು ಅಲುಗದ ಹಾಗೆ ಅಂದಳು: “ಡಾಕ್ಟರಿಗೆ ಫೋನ್ ಮಾಡು. ಆಪರೇಷನ್ ಮಾಡ್ಲಿ.”

“ಕಿವಿ ಹೋದ್ರೇನೇ?”

“ಹೋಗ್ಲಿ. ನೀನ್ ಹೇಳೋದ್ರಲ್ಲಿ... ಕೇಳೋದೇನಿದೆ? ನಂಗೆ ಬಾಯಿ ಬೇಕು.”

“ಪ್ರಾಣಕ್ಕೇ ಬಂದ್ರೆ?”

ಕಿರಿಯವಳು ಅದನ್ನು ಯೋಚಿಸಿಯೇ ಇದ್ದಳು. ರಾತ್ರಿಯೆಲ್ಲ ಹೆದರಿಯೂ ಇದ್ದಳು. “ಬಂದ್ರೆ ನೀನು ಗೆದ್ದೆ. ಬರ್ದಿದ್ರೆ... ಆವತ್ತು ನಕ್ಕವರನ್ನೆಲ್ಲ ಊಟಕ್ಕೆ ಕರಿ. ಒಬ್ರೂ ತಪ್ಪಬಾರ್ದು. ಅವ್ರ ಮುಂದೆ ಬೈತೀನಿ.”

“ಕರೀತೀನಿ. ನಾನು ಕೂತ್ಕೋಬೇಕೋ, ನಿಂತ್ಕೋಬೇಕೋ?”

“ನಿಂತ್ಕೋ.”

ಹಿರಿಯವಳು ಫೋನು ಹಚ್ಚಿದಳು. ಆ ಕಡೆ ಯಾರೋ ಡಾಕ್ಟರಮ್ಮನಿಗೆ ಕೊಟ್ಟರು.

“ನಿನ್ನೆ ಬಂದಿದ್ವಲ್ಲ ಮೇಡಂ, ಲಾಂಡ್ರಿಯವರು. ನೋವು ಬಿಟ್ಟಿತ್ತಂತೆ. ಹೋದ ಬೇಸಿಗೆ ಪೂರ್ತಿ ಇರ್ಲಿಲ್ಲ... ಹೌದು, ಒಂದು ಸಲಾನೂ... ನಾನಾ? ನಾನು ಅವಳ ಓರಗಿತ್ತಿ.” ಅವಳ ದನಿ ತಗ್ಗಿತು. “ನನಗೆ ಹೇಗೆ ಗೊತ್ತು ಅಂದ್ರೆ...”

ಅವಳು ಕಿರಿಯವಳ ಕಡೆ ನೋಡಿದಳು. ಕಿರಿಯವಳು ಕಣ್ಣು ಮಿಟುಕಿಸದೆ ಕಾದಳು.

“ನಾನು ಅವಳ ನೋವನ್ನ ಅಣಕಿಸ್ದೆ ಮೇಡಂ. ಅದಕ್ಕೇ ಗೊತ್ತು.”

“ಜೋರಾಗ್ ಹೇಳು,” ಅಂದಳು ಕಿರಿಯವಳು.