ಕೇಳಿದವರ ಪಟ್ಟಿ

"ಮೊದಲು ಕಾಲರ್ ಬಿಡಿ, ಆಮೇಲೆ ಮಾತಾಡೋಣ," ಎಂದರು ಮೇಷ್ಟ್ರು, ತುದಿಗಾಲಿನಲ್ಲಿ ನಿಂತುಕೊಂಡೇ.

ತಮ್ಮ ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಲಿಫ್ಟಿನ ಕಬ್ಬಿಣದ ಹಗ್ಗ ಎಳೆದ ಕೈ ಅದು, ಸುಲಭಕ್ಕೆ ಬಿಡುವಂಥದ್ದಲ್ಲ. ನಾಲ್ಕನೇ ಮಹಡಿಯ ಆ ಸಣ್ಣ ಮನೆಯ ಮುಂದಿನ ಕೋಣೆಯಲ್ಲಿ ತೀರಿಕೊಂಡ ಅಕ್ಕನನ್ನು ಮಲಗಿಸಿದ್ದರು. ಬಾಗಿಲಾಚೆ, ಮೆಟ್ಟಿಲ ಬಳಿ, ಅವಳ ಒಡಹುಟ್ಟಿದವನು ಎಪ್ಪತ್ತರ ಹತ್ತಿರದ ಮನುಷ್ಯರೊಬ್ಬರನ್ನು ಗೋಡೆಗೆ ಒತ್ತಿ ಹಿಡಿದಿದ್ದ. ನೋಡುವುದಕ್ಕೆ ಚೆನ್ನಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಇನ್ನೂ ಏರಿತ್ತು.

"ಇನ್ನೊಂದು ಸಲ ಹೇಳಿ. ಎಷ್ಟು ತಿಂಗಳು ಅಂದ್ರಿ?"

"ಐದು."

"ಐದು ತಿಂಗಳಿಂದ ನಮ್ಮಕ್ಕನಿಗೆ ಕ್ಯಾನ್ಸರ್ ಇತ್ತು. ಯಾರೋ ಏನೋ, ದಾರೀಲಿ ಹೋಗೋ ನಿಮಗೆಲ್ಲ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿಲ್ಲ."

"ನಮ್ಮ ಗುಂಪಲ್ಲಿ ಎಲ್ಲರಿಗೂ ಗೊತ್ತಿತ್ತು."

"ಯಾವ ಗುಂಪು? ಆ ಹಾಡು ಕೇಳೋ ಗುಂಪಾ?"

"ಅದರಲ್ಲಿ ನೀವೂ ಇದ್ದೀರಲ್ಲ," ಎಂದರು ಮೇಷ್ಟ್ರು. ಕುಹಕವೇನೂ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟ ದನಿ, ನದಿ ಎಲ್ಲಿ ಹುಟ್ಟುತ್ತದೆ ಎಂದು ಹೇಳಿದಷ್ಟೇ ಸಲೀಸಾಗಿ ಇದನ್ನೂ ಹೇಳಿತು.

ತಮ್ಮನ ಬೆರಳು ತಾವಾಗಿಯೇ ಸಡಿಲವಾದವು. ಮೇಷ್ಟ್ರು ಕಾಲರ್ ಸರಿಮಾಡಿಕೊಂಡರು, ಹರಿದ ಗುಂಡಿಯನ್ನು ನೆಲದಿಂದ ಎತ್ತಿ ಜೇಬಿಗೆ ಹಾಕಿಕೊಂಡರು.

ನಿನ್ನೆ ಮಧ್ಯಾಹ್ನ ಅಕ್ಕನ ಮಗಳು ಫೋನು ಮಾಡಿ, "ಅಮ್ಮ ಹೋದ್ಳು," ಎಂದು ಎರಡೇ ಪದ ಹೇಳಿ ಇಟ್ಟಿದ್ದಳು. ಅವನು ಹೃದಯಾಘಾತ ಎಂದುಕೊಂಡ. ಐವತ್ತಮೂರು ವರ್ಷ, ಗಟ್ಟಿಮುಟ್ಟಾದ ಹೆಂಗಸು, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಗಾಜು ಉಜ್ಜುತ್ತಿದ್ದವಳು; ಇನ್ನೇನು ಬರಬೇಕು? ಇವತ್ತು ಬೆಳಿಗ್ಗೆ ಬಂದು ನೋಡಿದರೆ ಅಲ್ಲಿ ಮಲಗಿದ್ದವಳು ಅರ್ಧದಷ್ಟಾಗಿದ್ದಳು. ಕನ್ನಡಕ ಬೇರೆ ತೆಗೆದಿಟ್ಟಿದ್ದರು. ಒಂದು ಕ್ಷಣ ಅವನು ತಪ್ಪಿ ಬೇರೆ ಯಾರದೋ ಮನೆಗೆ ಬಂದೆನೇನೋ ಎಂದುಕೊಂಡ.

"ಕನ್ನಡಕ ಯಾರು ತೆಗೆದದ್ದು? ಹಾಕಿ," ಎಂದು ಕಿರುಚಿದ್ದ. ಯಾರೋ ಹಾಕಿದರು. ಅದು ಮೂಗಿನ ಮೇಲೆ ನಿಲ್ಲಲಿಲ್ಲ, ಜಾರಿತು.

* * *

ಅಕ್ಕನಿಗೆ ಹದಿನೆಂಟು, ಅವನಿಗೆ ಹನ್ನೆರಡು ಇದ್ದಾಗ ಅವಳು ಮೊದಲ ಸಂಬಳದಲ್ಲಿ ಒಂದು ಕ್ಯಾಸೆಟ್ ತಂದಿದ್ದಳು. ದೂರದ ಯಾವುದೋ ಊರಿನ ರಾಕ್ ಹಾಡುಗಾರ, ಗಿಟಾರು ನೆಲಕ್ಕೆ ಬಡಿಯುವ ಹಾಗೆ ಹಿಡಿದುಕೊಂಡು ಬಾಯಿ ತೆರೆದು ನಿಂತ ಚಿತ್ರ. ಅವನ ಹೆಸರು ಇವರ ನಾಲಿಗೆಗೆ ಹೊರಳಲಿಲ್ಲ. ಅದಕ್ಕೆ ಕೆದರುತಲೆ ಎಂದು ಇವರೇ ಹೆಸರಿಟ್ಟರು. ಕೂಗುವುದು ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೂ ಇಬ್ಬರೂ ಗಂಟಲು ಹರಿಯುವ ಹಾಗೆ ಜೊತೆಗೆ ಕೂಗುತ್ತಿದ್ದರು. ಅಪ್ಪ ಬಂದು ತಂತಿ ಕಿತ್ತುಹಾಕುವವರೆಗೂ.

ಒಮ್ಮೆ ಟೇಪ್‌ರೆಕಾರ್ಡರ್ ರೀಲನ್ನು ನುಂಗಿಬಿಟ್ಟಿತು. ತಮ್ಮ ಅದನ್ನು ಬಿಡಿಸಿ, ಜಜ್ಜಿದ ತುಂಡನ್ನು ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಜೋಡಿಸಿದ. ಅವನು ರಿಪೇರಿ ಮಾಡಿದ ಮೊದಲ ಯಂತ್ರ ಅದೇ. ಆಮೇಲೆ ಮೂರನೇ ಹಾಡಿನಲ್ಲಿ ಅರ್ಧ ಸಾಲು ಹಾರುತ್ತಿತ್ತು. ಅಕ್ಕ ಆ ಹಾಡನ್ನು ಎಲ್ಲಿ ಹಾಡಿದರೂ ಅರ್ಧ ಸಾಲು ಬಿಟ್ಟೇ ಹಾಡುತ್ತಿದ್ದಳು. "ನಮ್ಮ ಮೊಂಡ ಹೊಲಿದು ಕೊಟ್ಟಿರೋ ಹಾಡು," ಎನ್ನುತ್ತಿದ್ದಳು. ಮೊಂಡ ಅಂದರೆ ಅವನು. ಅವಳೇನು ಕಮ್ಮಿ ಇರಲಿಲ್ಲ.

ಹೋದ ವರ್ಷ ಕೆದರುತಲೆಗೆ ಎಪ್ಪತ್ತು ತುಂಬಿತು, ಇನ್ನು ಹಾಡುವುದಿಲ್ಲ ಎಂದ. ಅಕ್ಕನ ಅಂಗಡಿಗೆ ಕನ್ನಡಕಕ್ಕೆ ಬರುತ್ತಿದ್ದ ಮೇಷ್ಟ್ರು ಕೂತು ಲೆಕ್ಕ ಹಾಕಿದರು: ನಲವತ್ತಾರು ವರ್ಷದ ಹಾಡಿಕೆ, ಮುನ್ನೂರ ಹನ್ನೆರಡು ಹಾಡು. ದಿನಕ್ಕೊಂದು, ಹೊರಬಂದ ಕ್ರಮದಲ್ಲಿ. ಕೆಟ್ಟದ್ದನ್ನೂ ಬಿಡುವಂತಿಲ್ಲ, ಒಂದು ದಿನವೂ ತಪ್ಪಿಸುವಂತಿಲ್ಲ. ಕೇಳಿದ ಮೇಲೆ ಅನಿಸಿದ್ದನ್ನು ಬಾಯಲ್ಲಿ ಹೇಳಿ ಫೋನಿನ ಗುಂಪಿಗೆ ಕಳಿಸಬೇಕು, ಬರೆದು ಕಳಿಸುವಂತಿಲ್ಲ. ಹನ್ನೆರಡು ಜನ ಪಣ ತೊಟ್ಟರು. ಹನ್ನೆರಡನೆಯವನು ತಮ್ಮ. ಅವನನ್ನು ಕೇಳದೆಯೇ ಅಕ್ಕ ಸೇರಿಸಿದ್ದಳು.

"ನನಗೆಲ್ಲಿ ಪುರಸೊತ್ತು ಅಕ್ಕ?"

"ನಾಲ್ಕು ನಿಮಿಷ ಕಣೋ. ಒಂದು ಹಾಡಿಗೆ ನಾಲ್ಕು ನಿಮಿಷ. ನಿನ್ನ ಬಿಟ್ಟು ನಾನೊಬ್ಬಳೇ ಹೇಗೆ ಕೇಳ್ಲಿ?"

ಎಂಟು ದಿನ ಕೇಳಿದ. ಒಂಬತ್ತನೇ ದಿನ ಏಳು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟ್ ನಡುವೆ ನಿಂತಿತ್ತು. ಒಳಗಿದ್ದ ಹೆಂಗಸಿಗೆ ಉಸಿರು ಕಟ್ಟುತ್ತಿತ್ತು. ಇವನು ಮೇಲೆ ನೇತಾಡಿಕೊಂಡು ಬ್ರೇಕು ಬಿಡಿಸುತ್ತಿದ್ದಾಗ ಜೇಬಿನಲ್ಲಿ ಫೋನು ಗುಂಯ್ ಎನ್ನುತ್ತಲೇ ಇತ್ತು, ಹನ್ನೊಂದು ಸಲ. ಕೆಳಗಿಳಿದವನೇ ಗುಂಪಿನ ಬಾಯಿ ಮುಚ್ಚಿಸಿದ. ಎಷ್ಟು ದಿನಕ್ಕೆ ಎಂದು ಫೋನು ಕೇಳಿತು. ಯಾವಾಗಲೂ ಎಂದು ಒತ್ತಿದ. ಆಮೇಲೂ ಅಲ್ಲೊಂದು ಅಂಕೆ ಹನ್ನೊಂದು, ಇಪ್ಪತ್ತೆರಡು ಎಂದು ಏರುತ್ತಲೇ ಇರುತ್ತಿತ್ತು. ಅದು ಕಣ್ಣಿಗೆ ಚುಚ್ಚುತ್ತದೆಂದು ದಿನಾ ಊಟದ ಹೊತ್ತಿಗೆ ಗುಂಪನ್ನು ತೆರೆದು, ಕೆಳತನಕ ಜಾರಿಸಿ, ಮುಚ್ಚುತ್ತಿದ್ದ. ಕಸ ಗುಡಿಸಿದ ಹಾಗೆ.

* * *

"ನಾಲ್ಕು ಸಲ ಅವರ ಜೊತೆ ಆಸ್ಪತ್ರೆಗೆ ಹೋದವಳು ನಾನು," ಎಂದಳು ಒಬ್ಬ ಹೆಂಗಸು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಗುಂಪಿನಲ್ಲಿ ಎಲ್ಲರೂ ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಮೇಲೆ ಕೂತು ಎಲ್ಲ ನೋಡುತ್ತಿದ್ದವಳು ಈಗ ಎದ್ದು ಬಂದಳು. "ಅವರ ವಾಂತಿ ಹಿಡಿದವಳು ನಾನು. ನೀವು ಇವತ್ತು ಬಂದು ಮೇಷ್ಟ್ರ ಕೊರಳಪಟ್ಟಿ ಹಿಡೀತೀರಾ? ನಾಚಿಕೆ ಆಗಲ್ವಾ?"

"ಹೇಳಿದ್ರೆ ತಾನೇ ಬರೋದು? ಹತ್ತು ಜನ ಇದೀರ, ಒಬ್ಬರಿಗೂ ಒಂದು ಫೋನ್ ಮಾಡೋಕೆ ಕೈ ಬರಲಿಲ್ಲ."

"ಹೇಳಬೇಡಿ ಅಂತ ಅವರೇ ಹೇಳಿದ್ದು. ಗುಂಪಲ್ಲೇ ಹೇಳಿದ್ದು, ನಿಮ್ಮೆದುರಿಗೇ. 'ನಮ್ಮ ತಮ್ಮ ಇಲ್ಲೇ ಇದಾನೆ, ಕಿವಿ ಇದ್ರೆ ಕೇಳಿಸಿಕೊಳ್ಲಿ, ಯಾರೂ ಅವನಿಗೆ ಬೇರೆ ಹೇಳಬೇಡಿ' ಅಂದ್ರು. ನಾವು ನೂರು ಸಲ ಬೇಡ ಅಂದ್ವಿ. ಅವರು ಕೇಳೋ ಪೈಕಿನಾ?"

ಅದು ಅಕ್ಕನದೇ ಮಾತು, ಅನುಮಾನವಿರಲಿಲ್ಲ. ಅವನಿಗೆ ಅಕ್ಕನ ಮೇಲೆ ಎಂಥ ಸಿಟ್ಟು ಬಂತೆಂದರೆ, ಒಳಗೆ ಹೋಗಿ ಅವಳನ್ನು ಎಬ್ಬಿಸಿ ಕೂರಿಸಿ ಜಗಳ ಆಡಬೇಕು ಅನಿಸಿತು.

"ಮೊದಲನೇ ಸಲ ಮಾತ್ರ ನಾನು ಹೋಗಲಿಲ್ಲ," ಎಂದಳು ಕಂಡಕ್ಟರಮ್ಮ. ದನಿ ಸ್ವಲ್ಪ ಇಳಿದಿತ್ತು. "ನೀವು ಬರ್ತೀರಿ ಅಂದ್ಕೊಂಡಿದ್ವಿ."

"ನಾನ್ಯಾವಾಗ ಬರ್ತೀನಿ ಅಂದೆ?"

ಉತ್ತರ ಒಳಗಿನಿಂದ ಬಂತು. ಅಕ್ಕನ ಮಗಳು ಬಾಗಿಲಿಗೆ ಬಂದು ನಿಂತಿದ್ದಳು. ಇಪ್ಪತ್ತೊಂದು ವರ್ಷದ ಹುಡುಗಿ, ಅತ್ತೂ ಅತ್ತೂ ಮುಖ ಊದಿತ್ತು, ಆದರೆ ಈಗ ಅಳುತ್ತಿರಲಿಲ್ಲ.

"ಕೂಗಬೇಡ ಮಾಮ. ಒಳಗೆ ಬಾ."

ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಅವಳು ಅಮ್ಮನ ಫೋನನ್ನು ಅವನ ಮುಖಕ್ಕೆ ಹಿಡಿದಳು. ಗುಂಪು. ನೂರ ನಲವತ್ತಮೂರನೇ ದಿನ. ಅಕ್ಕ ಕಳಿಸಿದ ಧ್ವನಿ ಸಂದೇಶ, ಎರಡು ನಿಮಿಷ ಹನ್ನೊಂದು ಸೆಕೆಂಡು. ಅದರ ಮೇಲೆ ಬೆರಳೊತ್ತಿ ಹಿಡಿದಾಗ ಎರಡು ಪಟ್ಟಿ ತೆರೆದುಕೊಂಡವು. ಕಳಿಸಿದವರ ಫೋನಿಗೆ ಮಾತ್ರ ಕಾಣುವ ಪಟ್ಟಿಗಳು ಅವು. ಒಂದು, ಸಂದೇಶ ನೋಡಿದವರು. ಇನ್ನೊಂದು, ಕೇಳಿದವರು.

"ಇದರಲ್ಲಿ ಹತ್ತು ಜನ ಕೇಳಿದಾರೆ. ಇದರಲ್ಲಿ ಒಬ್ಬ ಬರೀ ನೋಡಿದಾನೆ. ಯಾರು ಅಂತ ಓದು."

ಅವನ ಹೆಸರಿತ್ತು. ಜೊತೆಗೆ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ ಎಂದಿತ್ತು. ಊಟದ ಹೊತ್ತು.

"ಕೆಲಸದಲ್ಲಿ ಇದ್ದೆ ಕಣೆ," ಎಂದ. ಅವನ ಕಿವಿಗೇ ಅದು ಹೊಲಸಾಗಿ ಕೇಳಿಸಿತು. "ನೀನಾದ್ರೂ ಹೇಳಬಾರದಿತ್ತಾ?"

"ಯಾಕೆ ಹೇಳ್ಲಿ? ಮಾರನೇ ದಿನ ಅಮ್ಮನೇ ನಿಂಗೆ ಫೋನ್ ಮಾಡಿ ಕೇಳಿದ್ಳು. ಏನಂದೆ? ನೆನಪಿದೆಯಾ? ನಾನು ಪಕ್ಕದಲ್ಲೇ ಇದ್ದೆ ಮಾಮ. ಸ್ಪೀಕರ್ ಹಾಕಿದ್ಳು."

* * *

ನೆನಪಿತ್ತು. ಏನು ಮಾಡಲಿ, ಚೆನ್ನಾಗಿಯೇ ನೆನಪಿತ್ತು. ಬ್ಯಾಂಕೊಂದರ ನೆಲಮಾಳಿಗೆಯಲ್ಲಿ ಲಿಫ್ಟಿನ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಬಾಯಲ್ಲಿ ಸ್ಕ್ರೂಡ್ರೈವರು. ಅಕ್ಕನ ಫೋನು ಎಂದು ಎತ್ತಿದ.

"ನಿನ್ನೆ ನಾನು ಕಳಿಸಿದ್ದು ಕೇಳಿದೆಯೇನೋ?"

ಇಲ್ಲ ಎಂದರೆ ಅರ್ಧ ಗಂಟೆ ಬೈಸಿಕೊಳ್ಳಬೇಕು. ಹೌದು ಎಂದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಅವನು ಸ್ಕ್ರೂಡ್ರೈವರು ತೆಗೆದು, "ಕೇಳಿದೆ ಕಣಕ್ಕ," ಎಂದ. "ಚೆನ್ನಾಗಿತ್ತು."



"ಚೆನ್ನಾಗಿತ್ತಾ?" ಎಂದಳು ಅಕ್ಕ.

"ಹ್ಞೂಂ. ಎಷ್ಟು ವಯಸ್ಸಾದ್ರೂ ಕೆದರುತಲೆ ಕೆದರುತಲೇನೇ ಬಿಡು."

"ಸರಿ," ಎಂದಳು. ಫೋನು ನಿಂತಿತು. ನೆಲಮಾಳಿಗೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಹೋಯಿತೇನೋ ಅಂದುಕೊಂಡು ಅವನು ಮತ್ತೆ ಕೆಲಸಕ್ಕೆ ತಲೆ ಹಾಕಿದ. ಆಮೇಲೂ ಅವಳು ಎರಡು ಸಲ ಮಾತಾಡಿದಳು. ಅವನ ಮನೆಯ ನಲ್ಲಿ, ಅವನ ಬೆನ್ನುನೋವು, ಇಂಥದ್ದೇ. ತನ್ನ ಸುದ್ದಿ ಒಂದನ್ನೂ ಎತ್ತಲಿಲ್ಲ. ಅವನೂ ಕೇಳಲಿಲ್ಲ.

* * *

ಮೂರು ಗಂಟೆಗೆ ವ್ಯಾನು ಬಂತು. ಆರು ಜನ ನಿಲ್ಲುವ ಲಿಫ್ಟಿನಲ್ಲಿ ಮಲಗಿದವರಿಗೆ ಜಾಗವಿಲ್ಲ. ಅದನ್ನು ಅವನು ಯಾರಿಗಿಂತ ಚೆನ್ನಾಗಿ ಬಲ್ಲ. ಮೆಟ್ಟಿಲಲ್ಲೇ ಇಳಿಸಬೇಕಾಯಿತು. ತಲೆಯ ಕಡೆ ಅವನು ಹಿಡಿದ, ಕಾಲ ಕಡೆ ಮೇಷ್ಟ್ರು ಮತ್ತು ಕನ್ನಡಕದ ಅಂಗಡಿಯ ಯಜಮಾನರು. ಯಜಮಾನರು ದಾರಿಯುದ್ದಕ್ಕೂ, "ಹೋದ ವಾರದ ತನಕ ಬಂದಿದ್ರು, ಕೈ ನಡುಗಿದ್ರೂ ಒಂದು ಗಾಜೂ ಒಡೀಲಿಲ್ಲ," ಎಂದು ಅದನ್ನೇ ಹೇಳುತ್ತಿದ್ದರು.

"ಬಲಕ್ಕೆ ತಿರುಗಿಸಿ. ಎತ್ತಬೇಡಿ, ತಿರುಗಿಸಿ," ಎಂದು ತಮ್ಮ ಗದರಿದ. "ಮೇಷ್ಟ್ರೇ, ಕೈ ಕಂಬಿಗೆ ತಾಗುತ್ತೆ, ನೋಡ್ಕೊಳಿ."

ಮೇಷ್ಟ್ರು ಸರಿದರು. ಅವರ ಅಂಗಿ ಕೊರಳ ಬಳಿ ತೆರೆದುಕೊಂಡಿತ್ತು. ಪ್ರತಿ ತಿರುವಿನಲ್ಲೂ ತಮ್ಮನಿಗೆ ಒಂದೇ ಸಂಗತಿ ಕುಟುಕುತ್ತಿತ್ತು: ಭಾರವೇ ಇಲ್ಲ. ಐದು ತಿಂಗಳಲ್ಲಿ ಅವಳು ಇಷ್ಟು ಹಗುರವಾಗಿದ್ದಾಳೆ, ತಾನು ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ದಿನಾ ಗುಂಪನ್ನು ಜಾರಿಸಿ ಮುಚ್ಚುತ್ತಿದ್ದೆ. ಎರಡು ನಿಮಿಷ ಹನ್ನೊಂದು ಸೆಕೆಂಡು. ಒಂದು ಲಿಫ್ಟು ಕೆಳಗಿಂದ ಮೇಲಕ್ಕೆ ಹೋಗಿ ಬರುವಷ್ಟೂ ಹೊತ್ತಲ್ಲ. ಹಾಳಾದವನು, ಹಾಳಾದವನು ಎಂದು ತನ್ನನ್ನೇ ಬೈದುಕೊಂಡ. ಅಕ್ಕನನ್ನೂ ಬೈದ. ಇಷ್ಟು ಹಟ ಯಾರ ಮೇಲೆ ಮಾಡಬೇಕು? ಒಮ್ಮೆ ಬಂದು ಕೆನ್ನೆಗೆ ಬಾರಿಸಿ ಹೇಳಿದ್ದರೆ ಆಗುತ್ತಿರಲಿಲ್ಲವಾ?

ವ್ಯಾನಿನೊಳಗೆ ಅವಳನ್ನು ಸರಿಸಿದ ಮೇಲೆ ಚಾಲಕ ಬಾಗಿಲು ಹಾಕಲು ಬಂದ.

"ಸ್ವಲ್ಪ ತಡಿ," ಎಂದ ತಮ್ಮ.

"ಹೊತ್ತಾಗುತ್ತೆ ಸಾರ್. ಅಲ್ಲಿ ನಮಗೆ ಕೊಟ್ಟಿರೋದು ನಾಲ್ಕು ಗಂಟೆ."

"ಎರಡೇ ನಿಮಿಷ."

ತನ್ನ ಫೋನು ತೆಗೆದ. ಗುಂಪನ್ನು ತೆರೆದು ಮೇಲಕ್ಕೆ, ಮೇಲಕ್ಕೆ ಜಾರಿಸಿದ. ಬೆರಳು ಬೆವೆತು ಗಾಜಿನ ಮೇಲೆ ನಿಲ್ಲುತ್ತಿರಲಿಲ್ಲ. ಕಂಡಕ್ಟರಮ್ಮ ಮುಖ ತಿರುಗಿಸಿಕೊಂಡಳು. ಅದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ಅಕ್ಕನ ಮಗಳು ಮಾತ್ರ ಅಮ್ಮನ ಫೋನು ಹಿಡಿದುಕೊಂಡು ಅವನ ಎದುರೇ ನಿಂತಳು. ಅವನು ಒತ್ತಿದ.

"ನೂರ ನಲವತ್ತಮೂರು," ಎಂದಿತು ಅಕ್ಕನ ದನಿ, ಬೀದಿಯ ನಡುವೆ. "ಹತ್ತಕ್ಕೆ ಮೂರು ಕೊಡ್ತೀನಿ, ಅದೂ ಡ್ರಮ್ ಬಾರಿಸಿದವನಿಗೆ. ಕೆದರುತಲೆಗೆ ಆ ವರ್ಷ ತಲೆ ನೆಟ್ಟಗಿರಲಿಲ್ಲ ಅಂತ ಕಾಣುತ್ತೆ. ನಡುವೆ ಒಂದು ಕಡೆ ಸುಮ್ಮನೆ ಊಳಿಡ್ತಾನೆ, ಹಲ್ಲುನೋವು ಬಂದವನ ಹಾಗೆ. ಮೇಷ್ಟ್ರೇ, ಇದಕ್ಕೂ ನೀವು ಎಂಟು ಕೊಟ್ರೆ ನಾನು ಗುಂಪು ಬಿಡ್ತೀನಿ." ನಗು. ಆಮೇಲೆ ಉಜ್ಜುವ ಚಕ್ರ ನಿಂತ ಸದ್ದು, ಅಂಗಡಿಯಿಂದಲೇ ಮಾತಾಡಿದ್ದಳು. "ಇನ್ನೊಂದು ವಿಷ್ಯ. ಹೊಟ್ಟೆನೋವು ಅಂತಿದ್ದೆನಲ್ಲ, ರಿಪೋರ್ಟ್ ಬಂತು. ಒಳ್ಳೇದಲ್ಲ. ಯಾರೂ ಗಾಬರಿ ಬೀಳಬೇಡಿ, ಫೋನ್ ಮಾಡಿ ಅಳಬೇಡಿ. ಲೋ ಮೊಂಡ, ನಿಂಗೆ ಬೇರೆ ಫೋನ್ ಮಾಡಿದ್ರೆ ನಂಗೆ ಅಳು ಬರುತ್ತೆ, ಅದಕ್ಕೆ ಇಲ್ಲೇ ಹೇಳ್ತಿದೀನಿ. ನಾಳೆ ಹತ್ತು ಗಂಟೆಗೆ ದೊಡ್ಡ ಡಾಕ್ಟರು ನೋಡ್ತಾರಂತೆ. ಮಗಳಿಗೆ ಪರೀಕ್ಷೆ, ಅವಳನ್ನ ಕರ್ಕೊಂಡು ಹೋಗಲ್ಲ. ನೀನು ಬಾ. ಒಬ್ಬಳೇ ಕೂರೋಕೆ ಭಯ ಆಗುತ್ತೆ ಕಣೋ. ಆಸ್ಪತ್ರೆ ದೊಡ್ಡ ಬಾಗಿಲ ಹತ್ರಾನೇ ನಿಂತಿರ್ತೀನಿ. ನೀನು ಬರೋ ತನಕ ಒಳಗೆ ಹೋಗಲ್ಲ."

ಮುಗಿಯಿತು. ಚಾಲಕ ಬಾಗಿಲಿನ ಹಿಡಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದ.

"ಎಷ್ಟು ಹೊತ್ತು ನಿಂತಿದ್ಳು?" ಎಂದು ಕೇಳಿದ ತಮ್ಮ.

"ಮಧ್ಯಾಹ್ನ ಒಂದು ಗಂಟೆ ತನಕ," ಎಂದಳು ಅಕ್ಕನ ಮಗಳು. "ಆಮೇಲೆ ಡಾಕ್ಟರು ಎದ್ದುಹೋದ್ರು. ಮನೆಗೆ ಬಂದು ನಿಂಗೆ ಫೋನ್ ಮಾಡಿದ್ಳು."

ಅವಳು ಅಮ್ಮನ ಫೋನನ್ನು ಅವನ ಕಡೆ ತಿರುಗಿಸಿದಳು. ಗುಂಪಿನಲ್ಲಿ ಕೊನೆಯವನೂ ಕೇಳಿದ ಮೇಲಷ್ಟೇ ಧ್ವನಿ ಸಂದೇಶದ ಪಕ್ಕದ ಪುಟ್ಟ ಮೈಕಿನ ಬಣ್ಣ ಬದಲಾಗುತ್ತದೆ. ಐದು ತಿಂಗಳು ಬೂದು ಬಣ್ಣದಲ್ಲೇ ಇದ್ದ ನೂರ ನಲವತ್ತಮೂರು ಅವನು ನೋಡುತ್ತಿದ್ದಂತೆ ನೀಲಿಯಾಯಿತು. ಹುಡುಗಿ ಹೆಬ್ಬೆರಳಿನಿಂದ ಕೆಳಕ್ಕೆ ಸರಿಸುತ್ತ ಹೋದಳು. ನೂರ ನಲವತ್ತನಾಲ್ಕು ಬೂದು. ನೂರ ನಲವತ್ತೈದು ಬೂದು. ವ್ಯಾನು ಹೊರಟರೂ ಅವಳ ಬೆರಳು ನಿಲ್ಲಲಿಲ್ಲ.